ಬಾಳೆ ವಾಲಿದ ದಿಕ್ಕು

ಬೀಗ ಹಾಕಿದ ಹಾಗೇ ಇತ್ತು. ಒಳಗಿದ್ದ ಇಪ್ಪತ್ತನಾಲ್ಕು ಬಾಳೆಗಿಡಗಳು ಮಾತ್ರ ಇರಲಿಲ್ಲ.

ಸಬ್‌ಇನ್‌ಸ್ಪೆಕ್ಟರ್ ಕೋಮಲ ಜೀಪಿನಿಂದ ಇಳಿದವಳೇ ಗ್ರೀನ್‌ಹೌಸಿಗೆ ಒಂದು ಸುತ್ತು ಹಾಕಿದಳು. ಸಾಲದೆಂಬಂತೆ ಇನ್ನೊಂದು ಸುತ್ತು. ಕೂತು ಯೋಚನೆ ಮಾಡುವುದು ಅವಳ ಜಾಯಮಾನವೇ ಅಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಹೆಣ್ಣು ಎಂದು ಅವಳ ತಾಯಿಯೇ ಬೈಯುತ್ತಿದ್ದರು. ಗ್ರೀನ್‌ಹೌಸಿನ ಗೋಡೆಗೂ ಚಾವಣಿಗೂ ಹಾಲುಬಣ್ಣದ ಶೀಟು. ಶೀಟುಗಳನ್ನು ಹೊರಗಿನಿಂದ ಸ್ಕ್ರೂ ಹಾಕಿ ಕೂರಿಸಿದ್ದರು. ಒಂದೂ ಒಡೆದಿರಲಿಲ್ಲ. ಹಿಂಬದಿಯ ಒಂದು ಶೀಟಿನ ಸ್ಕ್ರೂಗಳಿಗೆ ಮಾತ್ರ ಹೊಸ ರಬ್ಬರ್ ವಾಷರ್ ಇತ್ತು. ರಿಪೇರಿ ಮಾಡಿಸಿದ್ದಾರು ಎಂದುಕೊಂಡು ಅವಳು ಮುಂದೆ ಹೋದಳು.

ತೋಟದ ಒಡತಿ ಚನ್ನಾಜಮ್ಮ ಬಾಗಿಲಲ್ಲೇ ಕುಸಿದು ಕೂತಿದ್ದರು. ವಯಸ್ಸು ಅರವತ್ತೈದು. ತಾಂಡವಪುರದ ಸುತ್ತ ಅವರ ಬಾಯಿಗೆ ಹೆದರದ ಗಂಡಸಿಲ್ಲ. ಇವತ್ತು ಆ ಬಾಯಿ ಒಣಗಿಹೋಗಿತ್ತು.

"ಬಾಳೆಗಿಡ ಹೋದದ್ದಕ್ಕೂ ಕೇಸು ಮಾಡ್ಬೇಕಾ ಮೇಡಂ?" ಹೆಡ್ ಕಾನ್‌ಸ್ಟೆಬಲ್ ಶಿವಸ್ವಾಮಿ ಪಿಸುಗುಟ್ಟಿದ.

ಚನ್ನಾಜಮ್ಮನಿಗೆ ಕೇಳಿಸಿತು. "ಬಾಳೆಗಿಡ ಅಂತ ಸಸಾರ ಮಾಡ್ಬ್ಯಾಡ ಕಣಪ್ಪ. ರಸಬಾಳೆ ಅದು. ಸೊರಗು ರೋಗ ಬಂದು ಎಲ್ಲಾರ ತೋಟನೂ ಒಣಗೋದಾಗ ನಮ್ ಅಂಚಲ್ಲಿ ಒಂದೇ ಒಂದು ಗುಂಪು ಅಸ್ರಾಗಿ ನಿಂತಿತ್ತು. ನಾನು ಕಡಿದಾಕು ಅಂದೆ. ಮಾದು ಬ್ಯಾಡಿ ಅಮ್ಮೋರೆ, ಇದ ಉಳಿಸ್ಕಳವ ಅಂದ. ಎಂಟು ವರ್ಸ ಅದರ ಮರಿನೇ ಕಿತ್ತು ಕಿತ್ತು ನೆಟ್ಟೊ. ಒಂದಕ್ಕೂ ರೋಗ ಬರ್ನಿಲ್ಲ."

"ಹೊಲದಲ್ಲಿ ಬೇರೆ ಉಳಿದಿಲ್ವಾ?"

"ನಾಲೆ ಅಗಲ ಮಾಡುವಾಗ ಆ ತಾಕೇ ಓಯ್ತು. ಚೀಲಕ್ಕಾಕಿ ಇಲ್ಲಿ ಇಟ್ಟಿದ್ದ ಈ ಇಪ್ಪತ್ನಾಕೇ ಉಳಿದಿದ್ದು. ಇವತ್ತಿಗೆ ಎರಡು ವಾರಕ್ಕೆ, ಸೋಮವಾರ, ತಳಿ ನೋಂದಣಿಯೋರು ನೋಡಕ್ಕೆ ಬತ್ತಾವ್ರೆ. ಫಾರಮ್ಮಲ್ಲಿ ಎರಡು ಎಸ್ರು ಬರಿಸ್ತೀನಿ ಅಂತ ಊರಿಗೆಲ್ಲ ಏಳಿದೀನಿ. ನಂದು, ಮಾದೂದು."

ಮಾದು ಎಂದರೆ ಚಿಕ್ಕಮಾದು. ಹೆಡತಲೆಯವನು. ಅರ್ಧ ಎಕರೆ ಸ್ವಂತ ಹೊಲ, ಹನ್ನೊಂದು ವರ್ಷದಿಂದ ಚನ್ನಾಜಮ್ಮನ ತೋಟದಲ್ಲಿ ಕೆಲಸ. ಕಂಬಕ್ಕೆ ಒರಗಿ, ಖಾಲಿ ನೆಲವನ್ನೇ ನೋಡುತ್ತಾ ನಿಂತಿದ್ದ. ಬೀಗಕ್ಕೆ ಎರಡು ಕೀ. ಒಂದು ಚನ್ನಾಜಮ್ಮನ ಸೊಂಟದಲ್ಲಿ, ಇನ್ನೊಂದು ಅವನ ಜೇಬಿನಲ್ಲಿ. ಹಿಂದಿನ ದಿನ, ಭಾನುವಾರ, ಮನೆಮಂದಿಯೆಲ್ಲ ಸುತ್ತೂರಿಗೆ ಮದುವೆಗೆ ಹೋಗಿದ್ದರು. ಮಾದು ಬೆಳಿಗ್ಗೆ ನೀರು ಹಾಕಿ, ಬೀಗ ಹಾಕಿಕೊಂಡು ಮನೆಗೆ ಹೋದವನು. ಅದಕ್ಕೆ ಸಾಕ್ಷಿ ಅವನೇ.

ಅಷ್ಟರಲ್ಲಿ ಬೈಕೊಂದು ಬಂದು ನಿಂತಿತು. ಮಲ್ಲಿಕಾರ್ಜುನ್. ಚನ್ನಾಜಮ್ಮನ ಅಣ್ಣನ ಮಗ, ನಲವತ್ತರ ಆಸುಪಾಸು. ನಂಜನಗೂಡಿನಲ್ಲಿ ಅಲ್ಯೂಮಿನಿಯಂ ಮತ್ತು ಗಾಜಿನ ಕೆಲಸದ ಅಂಗಡಿ. ಈ ಗ್ರೀನ್‌ಹೌಸ್ ಕಟ್ಟಿಕೊಟ್ಟವನೂ ಅವನೇ.

"ಅತ್ತೆ, ಎದ್ದೇಳಿ. ಮೇಡಂ ಹುಡುಕಿಕೊಡ್ತಾರೆ," ಎಂದು ಅವರನ್ನು ಎತ್ತಿ ಕೂರಿಸಿದ. ಕೋಮಲಳ ಕಡೆ ತಿರುಗಿದ. "ಮೇಡಂ, ಈ ಗಿಡ ಬಯಲಲ್ಲಿ ಇಟ್ಟರೆ ಯಾರ ಕಣ್ಣಿಗಾದ್ರೂ ಬೀಳುತ್ತೆ. ಯಾರದೋ ಗ್ರೀನ್‌ಹೌಸಲ್ಲೇ ಇರಬೇಕು. ಈ ತಾಲ್ಲೂಕು, ಪಕ್ಕದ ತಾಲ್ಲೂಕು ಎರಡೂ ಸೇರಿ ಹತ್ತೊಂಬತ್ತಿವೆ. ಪಟ್ಟಿ ಕೊಡ್ತೀನಿ."

ಮೂರೇ ದಿನದಲ್ಲಿ ಪೊಲೀಸರು ಹತ್ತೊಂಬತ್ತನ್ನೂ ಜಾಲಾಡಿದರು. ದೊಣ್ಣೆಮೆಣಸು ಸಿಕ್ಕಿತು, ಸೌತೆ ಸಿಕ್ಕಿತು, ಒಂದು ಕಡೆ ಶಿವಸ್ವಾಮಿಗೆ ಚೇಳೂ ಸಿಕ್ಕಿತು. ರಸಬಾಳೆ ಸಿಗಲಿಲ್ಲ.

*

ಹದಿಮೂರನೇ ದಿನ, ಶನಿವಾರ ಬೆಳಿಗ್ಗೆ, ಗಿಡಗಳು ಸಿಕ್ಕವು. ಸಿಕ್ಕಿದ್ದು ಹೆಡತಲೆಯಲ್ಲಿ, ಚಿಕ್ಕಮಾದುವಿನ ಸ್ವಂತ ಹೊಲದಲ್ಲಿ.

ಬದನೆ ಸಸಿ ಬೆಳೆಸಲು ಅವನು ಪೈಪು ಬಗ್ಗಿಸಿ, ಮೇಲೆ ಹಸಿರು ಬಲೆಯ ನೆಟ್ಟು ಹೊದಿಸಿ ಸಣ್ಣದೊಂದು ಸುರಂಗ ಮಾಡಿದ್ದ. ಅದರೊಳಗೆ ಇಪ್ಪತ್ತನಾಲ್ಕು ಕಪ್ಪು ಚೀಲ, ಇಪ್ಪತ್ತನಾಲ್ಕು ಬಾಳೆ. ಕೆಲಸದ ಅಳತೆಗೆಂದು ಆ ದಾರಿಯಲ್ಲಿ ಹೋಗುತ್ತಿದ್ದ ಮಲ್ಲಿಕಾರ್ಜುನ್ ಕಂಡು ಠಾಣೆಗೆ ಫೋನ್ ಮಾಡಿದ್ದ.

"ಇದು ನೆಟ್ಟು, ಗ್ರೀನ್‌ಹೌಸ್ ಅಲ್ಲ ಅಂತ ನಾವು ಇಲ್ಲಿಗೆ ಬರಲೇ ಇಲ್ಲ ನೋಡಿ," ಶಿವಸ್ವಾಮಿ ಹಣೆ ಚಚ್ಚಿಕೊಂಡ.

"ನಂಗೆ ಗೊತ್ತಿಲ್ಲ ಮೇಡಮ್ಮೋರೆ," ಎಂದ ಮಾದು. "ನಾನು ಇತ್ತಾಗೆ ಬಂದು ನಾಕು ದಿನ ಆಯ್ತು. ನೀರಾಕೋದು ಮಗಳು."

ಮಗಳು ಧನುಶ್ರೀ ಬಿ.ಎಸ್ಸಿ. ಓದುತ್ತಿದ್ದಳು. ಧ್ವನಿ ನಡುಗುತ್ತಿದ್ದರೂ ಮಾತು ಸ್ಪಷ್ಟವಾಗಿತ್ತು. "ಗುರುವಾರ ಸಂಜೆ ನಾನೇ ಬಂದಿದ್ದೆ ಮೇಡಂ. ಒಂದು ಬಾಳೆಗಿಡಾನೂ ಇರಲಿಲ್ಲ. ನಿನ್ನೆ ಕಾಲೇಜಲ್ಲಿ ಲೇಟಾಯ್ತು, ಬರಕ್ಕಾಗಲಿಲ್ಲ."

"ಮಗಳು ಅಪ್ಪನ ಪರ ಹೇಳದೆ ಇನ್ಯಾರ ಪರ ಹೇಳ್ತಾಳೆ?" ಎಂದ ಶಿವಸ್ವಾಮಿ.

ಚನ್ನಾಜಮ್ಮ ಆಟೋದಲ್ಲಿ ಬಂದರು. ಗಿಡಗಳನ್ನು ಕಂಡು ಮೊದಲು ಅತ್ತರು. ಆಮೇಲೆ ಮಾದುವಿನ ಕಡೆ ತಿರುಗಿದರು. "ನೀನೇನ್ಲಾ ಮಾದು? ನೀನೇ ತಗಬಂದ್ಯಾ?"

ಮಾದುವಿನ ಮುಖ ಬಿಳಿಚಿಕೊಂಡಿತು. "ನೀವೂ ಕೇಳ್ತೀರಾ ಅಮ್ಮೋರೆ?" ಎಂದವನು ತಾನಾಗಿಯೇ ಹೋಗಿ ಪೊಲೀಸ್ ಜೀಪು ಹತ್ತಿ ಕೂತ.

"ಬಿಡಿ ಅತ್ತೆ," ಮಲ್ಲಿಕಾರ್ಜುನ್ ಸಮಾಧಾನ ಮಾಡಿದ. "ಗಿಡ ಸಿಕ್ಕಿತಲ್ಲ. ಸೋಮವಾರ ನಿಮ್ಮೊಬ್ಬರ ಹೆಸರಲ್ಲೇ ಆಗಲಿ."

ಕೋಮಲ ಮಾತ್ರ ಚೀಲಗಳ ನಡುವೆ ಓಡಾಡುತ್ತಿದ್ದಳು. ಏನೋ ಸರಿಯಿಲ್ಲ. ಗಿಡಗಳು ಹೆಂಡ ಕುಡಿದವರ ಹಾಗೆ ವಾಲಿದ್ದವು. ಕೆಳಗಿನ ಎಲೆಗಳು ಅಗಲವಾಗಿ ಸುತ್ತಲೂ ಹರಡಿದ್ದವು. ತುದಿಯ ಎರಡು ಹೊಸ ಎಲೆ ಮಾತ್ರ ತೆಳ್ಳಗೆ, ಬಿಳಿಚಿಕೊಂಡು, ಉದ್ದ ದಂಟಿನ ಮೇಲೆ ಒಂದು ಪಕ್ಕಕ್ಕೆ ಬಾಗಿದ್ದವು. ಒಂದು ಗಿಡ ಪೂರ್ವಕ್ಕೆ, ಅದರ ಪಕ್ಕದ್ದು ದಕ್ಷಿಣಕ್ಕೆ, ಹಿಂದಿನದು ಪಶ್ಚಿಮಕ್ಕೆ.

"ಅಮ್ಮ, ಗಿಡ ಮೊದಲಿಂದ ಹೀಗೇ ಇದ್ವಾ?"

"ಎಲ್ಲಾದ್ರೂ ಉಂಟಾ? ಕಂಬದಂಗೆ ನೆಟ್ಟಗಿದ್ದೊ. ಸೋಮವಾರ ಸೋಮವಾರ ಮಾದು ಒಂದೊಂದು ಚೀಲನೂ ಕಾಲು ಸುತ್ತು ತಿರುಗಿಸ್ತಿದ್ದ, ಬಿಸ್ಲು ಎಲ್ಲಾ ಕಡೆಗೂ ಬೀಳ್ಲಿ ಅಂತ."

ಕೋಮಲ ಸುರಂಗದ ನೆಟ್ಟನ್ನು ನೋಡಿದಳು. ತಲೆಯ ಮೇಲೂ ಬೆಳಕು, ನಾಲ್ಕು ಸುತ್ತಲೂ ಬೆಳಕು. ಗಿಡ ವಾಲುವುದು ಬೆಳಕಿನ ಕಡೆಗೆ. ಇಲ್ಲಿ ಹದಿಮೂರು ದಿನ ನಿಂತ ಗಿಡ ಒಂದು ಪಕ್ಕಕ್ಕೆ ಯಾಕೆ ವಾಲಬೇಕು?

ಸರ್ಕಲ್ ಇನ್‌ಸ್ಪೆಕ್ಟರಿಗೆ ಫೋನಿನಲ್ಲಿ ಅದನ್ನೇ ಹೇಳಿದಳು. ಅವರು ನಕ್ಕರು. "ಕೀ ಅವನ ಹತ್ರ, ಮಾಲು ಅವನ ಹೊಲದಲ್ಲಿ. ಇನ್ನೇನ್ರೀ ಬೇಕು? ನಾಳೆ ಬೆಳಿಗ್ಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ."

ಗಂಟೆ ಹತ್ತಾಗಿತ್ತು. ಅವಳಿಗೆ ಉಳಿದದ್ದು ಒಂದು ಹಗಲು.

*

ಮಲ್ಲಿಕಾರ್ಜುನನ ಅಂಗಡಿಯಲ್ಲಿ ಅಲ್ಯೂಮಿನಿಯಂ ಕತ್ತರಿಸುವ ಸದ್ದಿಗೆ ಹಲ್ಲು ಜುಂ ಎನ್ನುತ್ತಿತ್ತು. ಅವನು ಮಿಷನ್ ನಿಲ್ಲಿಸಿ ಕುರ್ಚಿ ಎಳೆದ. ಕೋಮಲ ಕೂರಲಿಲ್ಲ.

"ಒಂದೇ ಪಕ್ಕದಿಂದ ಬೆಳಕು ಬರೋ ಗಾಜಿನ ಮನೆ ಯಾವುದ್ರೀ?"

ಅವನು ಕೈಯ ಅಲ್ಯೂಮಿನಿಯಂ ಪುಡಿ ಒರೆಸಿಕೊಂಡ. ಆಮೇಲೆ ನಕ್ಕ. "ಜನ ಎಲ್ಲದಕ್ಕೂ ಗ್ಲಾಸ್‌ಹೌಸ್ ಅಂದುಬಿಡ್ತಾರೆ ಮೇಡಂ. ಅದರಲ್ಲಿ ಮೂರು ಥರ. ಗ್ರೀನ್‌ಹೌಸ್ ಗಿಡಕ್ಕೆ. ಮನೆಯಿಂದ ಬೇರೆ ಇರುತ್ತೆ, ಮೇಲೆ ಕೆಳಗೆ ಎಲ್ಲ ಬೆಳಕು. ಸನ್‌ರೂಂ ಮನುಷ್ಯರಿಗೆ. ಮನೆಗೇ ಸೇರಿದ ಕೋಣೆ, ಮೇಲೆ ಪಕ್ಕಾ ಚಾವಣಿ, ಸುತ್ತ ಗಾಜು. ಕಾಫಿ ಕುಡೀತಾ ಪೇಪರ್ ಓದೋಕೆ. ಇನ್ನು ಕನ್ಸರ್ವೇಟರಿ. ಅದೂ ಮನೆಗೆ ಅಂಟಿಕೊಂಡಿರುತ್ತೆ, ಆದರೆ ಚಾವಣಿನೂ ಗಾಜೇ. ಚಳಿ ದೇಶದವರಿಗೆ ಸರಿ. ನಮ್ಮ ಬಿಸಿಲಿಗೆ ಒಲೆ. ತಾಂಡವಪುರದಲ್ಲಿ ಒಂದು ಮಾಡಿಕೊಟ್ಟೆ. ಈಗ ಅದರಲ್ಲಿ ಸಂಡಿಗೆ ಒಣಗಿಸ್ತಾರೆ."

"ಬೇರೆ ಥರ ಇಲ್ವಾ?"

"ಇಲ್ಲ ಮೇಡಂ. ನೀವು ಕೇಳೋದು ಸನ್‌ರೂಮೇ. ಅದೇ ಸಂಡಿಗೆ ಮನೆಯ ಎದುರು ಬೀದೀಲಿ ಒಂದಿದೆ, ನೋಡಿ."

ಕೋಮಲ ಹೋಗಿ ನೋಡಿದಳು. ಸನ್‌ರೂಮಿಗೆ ಮೂರು ಕಡೆ ಗಾಜು. ಮನೆಯವರು ಸಾಲಾಗಿ ಇಟ್ಟಿದ್ದ ಕುಂಡಗಳಲ್ಲಿ ಎಡಗಡೆಯ ಗಿಡ ಎಡಕ್ಕೆ, ಬಲಗಡೆಯದು ಬಲಕ್ಕೆ ವಾಲಿತ್ತು. ನಡುವಿನವು ಎತ್ತಲೂ ಹೋಗಲಾರದೆ ನೆಟ್ಟಗಿದ್ದವು. ಇಲ್ಲಿ ಇಪ್ಪತ್ತನಾಲ್ಕು ಬಾಳೆ ಇಟ್ಟಿದ್ದರೆ ಕೆಲವಾದರೂ ನೆಟ್ಟಗೆ ಉಳಿಯಬೇಕಿತ್ತು. ಹೆಡತಲೆಯಲ್ಲಿ ಒಂದೂ ನೆಟ್ಟಗಿರಲಿಲ್ಲ.

ಎದುರು ಬೀದಿಯ ಕನ್ಸರ್ವೇಟರಿಗೆ ಕಾಲಿಟ್ಟರೆ ಕೆನ್ನೆಗೆ ಬಾಣಲೆಯ ಕಾವು ಹೊಡೆದ ಹಾಗಾಯಿತು. ಸಂಡಿಗೆ ಪಕ್ಕದಲ್ಲೊಂದು ಕರಿಬೇವಿನ ಕುಂಡ. ಗಿಡ ನೆಟ್ಟಗಿತ್ತು, ಎಲೆಯ ಅಂಚು ಸುಟ್ಟಿತ್ತು. ಬಾಳೆಯ ಎಲೆ ಬಿಳಿಚಿತ್ತೇ ಹೊರತು ಸುಟ್ಟಿರಲಿಲ್ಲ. ಇದೂ ಅಲ್ಲ.

"ಊಟ ಮಾಡಿಬಿಡೋಣ ಮೇಡಂ," ಎಂದ ಶಿವಸ್ವಾಮಿ. ಕೋಮಲಳಿಗೆ ಊಟದ ಹೆಸರೆತ್ತಿದ್ದಕ್ಕೇ ರೇಗಿತು. ಗಂಟೆ ಒಂದೂವರೆ. ಠಾಣೆಯಲ್ಲಿ ಒಬ್ಬ ಮನುಷ್ಯ ಗೋಡೆ ನೋಡುತ್ತಾ ಕೂತಿದ್ದಾನೆ. ಅವನು ಕಳ್ಳನಲ್ಲ ಎಂದು ಅವಳಿಗೆ ಗೊತ್ತು. ಗೊತ್ತಿದ್ದರೆ ಬಂತೇನು?

ಜೀಪು ಮತ್ತೆ ಮಲ್ಲಿಕಾರ್ಜುನನ ಅಂಗಡಿಯ ಮುಂದೆ ಹಾದುಹೋಯಿತು. ಅವನು ಊಟಕ್ಕೆ ಹೋಗಿದ್ದ, ಷಟರ್ ಎಳೆದಿತ್ತು. ಕೋಮಲ ತಲೆಯೆತ್ತಿ ಬೋರ್ಡು ಓದಿದಳು. ಗ್ರೀನ್‌ಹೌಸ್, ಸನ್‌ರೂಂ, ಕನ್ಸರ್ವೇಟರಿ, ಆರೆಂಜರಿ.

"ಜೀಪು ನಿಲ್ಸಿ!"

ಬೋರ್ಡಿನಲ್ಲಿ ನಾಲ್ಕು. ಮಾಲೀಕನ ಬಾಯಲ್ಲಿ ಮೂರು.

ಆರೆಂಜರಿ ಎಂದರೇನೆಂದು ಮೊಬೈಲಿನಲ್ಲಿ ಹುಡುಕಿದಳು. ಚಳಿ ದೇಶದ ಸಾಹುಕಾರರು ಕಿತ್ತಳೆ ಗಿಡಗಳನ್ನು ಮಂಜಿನಿಂದ ಕಾಪಾಡಲು ಕಟ್ಟಿಸುತ್ತಿದ್ದ ಮನೆಯಂತೆ. ಗಾಜಿಗಿಂತ ಇಟ್ಟಿಗೆಯೇ ಹೆಚ್ಚು. ಮೇಲೆ ಗಟ್ಟಿ ಚಾವಣಿ, ಹಿಂದೆ ಗಟ್ಟಿ ಗೋಡೆ, ಬಿಸಿಲು ಬರುವ ಒಂದು ಪಕ್ಕಕ್ಕೆ ಮಾತ್ರ ಆಳೆತ್ತರದ ಕಿಟಕಿಗಳು.

ಪಕ್ಕದ ವೆಲ್ಡಿಂಗ್ ಅಂಗಡಿಯವನನ್ನು ಕೇಳಿದಳು. "ಆರೆಂಜ್ ಮನೆನಾ ಮೇಡಂ? ನರಸೀಪುರದಲ್ಲಿ ಒಳೆ ದಡದಲ್ಲಿ ಕಟ್ಟಾವ್ರಲ್ಲ, ಯಾರೋ ಡಾಕ್ಟರಮ್ಮಂದು. ಗ್ರಿಲ್ಲು ನಂದೇ."

*

ಟಿ. ನರಸೀಪುರದ ಆ ಬಂಗಲೆಯ ಡಾಕ್ಟರಮ್ಮ ಇರುವುದು ಮೈಸೂರಿನಲ್ಲಿ. ಮನೆ ನೋಡಿಕೊಳ್ಳುವವರು ಸಿದ್ದಲಿಂಗಮ್ಮ. ಪೊಲೀಸ್ ಜೀಪು ಕಂಡರೂ ಅವರು ಬಟಾಣಿ ಸುಲಿಯುವುದನ್ನು ಬಿಡಲಿಲ್ಲ.

"ಗಾಜಿನ ಕೋಣೆಯಾ? ಒಳೀಕೆ ಓಗ್ಬ್ಯಾಡಿ ಅಂದಿದ್ರಲ್ಲ, ಅದ ಕಟ್ಟಿದ ಮಲ್ಲಣ್ಣ. ಪಾಲಿಶ್ ಆಕೀನಿ, ಒಣಗ್ಬೇಕು, ಎರಡು ವಾರ ಬಾಗ್ಲು ತೆಗೀಬ್ಯಾಡ ಅಂತ ಕೀನೂ ತಗಂಡೋಗಿದ್ರು. ನಿನ್ನೆ ಕೊಟ್ರು."

"ನಿನ್ನೆ ಎಷ್ಟೊತ್ತಿಗೆ ಬಂದಿದ್ರು?"

"ಉಣ್ಣೋ ಒತ್ತು. ಟೆಂಪೋ ತಂದಿದ್ರು. ಮಿಕ್ಕಿದ್ ಸಾಮಾನು ಅಂದ್ರು. ಟಾರ್ಪಾಲು ಒದ್ಸಿತ್ತು. ಸಾಮಾನಿಗೆ ಯಾಕವ್ವ ಅಷ್ಟು ನಾಜೂಕು, ಕೂಸ ಎತ್ಕಂಡಂಗೆ ಎತ್ತಿ ಇಡ್ತಾವ್ರಲ್ಲ ಅಂದ್ಕಂಡೆ."

ಕೋಮಲ ಬಾಗಿಲು ತೆಗೆದಳು. ಮೂರು ಕಡೆ ಗೋಡೆ. ಮೇಲೆ ತಾರಸಿ. ಹೊಳೆಯ ಕಡೆಗೆ ಮಾತ್ರ ಉದ್ದುದ್ದ ಗಾಜಿನ ಕಿಟಕಿ. ಬೆಳಕು ಅಲ್ಲಿಂದ ಬಂದು ಅರ್ಧ ಕೋಣೆಗೇ ಸುಸ್ತಾಗಿ ನಿಂತಿತ್ತು.

ನೆಲಕ್ಕೆ ಕೆನೆಬಣ್ಣದ ಕಲ್ಲು. ಒರೆಸಿದ್ದರು. ಆದರೆ ಕೆಮ್ಮಣ್ಣಿನ ನೀರು ಕಲ್ಲಿನೊಳಗೆ ಇಳಿದಿತ್ತು. ಅವಳು ಮಂಡಿಯೂರಿ ಎಣಿಸಿದಳು. ಚೀಲದ ತಳದಗಲದ ದುಂಡು ಕಲೆಗಳು. ಸಾಲಿಗೆ ಆರು, ನಾಲ್ಕು ಸಾಲು.

"ಇಪ್ಪತ್ನಾಲ್ಕು," ಎಂದ ಶಿವಸ್ವಾಮಿ. ಅವನ ಹಸಿವು ಹಾರಿಹೋಗಿತ್ತು.

*

ಸಂಜೆ ಐದಕ್ಕೆ ಚನ್ನಾಜಮ್ಮನ ಅಂಗಳದಲ್ಲಿ ಇಪ್ಪತ್ತನಾಲ್ಕು ಚೀಲಗಳೂ ಬಂದು ಕೂತವು. ಠಾಣೆಯಿಂದ ಮಾದುವನ್ನೂ ಕರೆತಂದರು. ಮಲ್ಲಿಕಾರ್ಜುನ್ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ.

ಕೋಮಲ ಒಂದೊಂದೇ ಚೀಲ ತಿರುಗಿಸಿದಳು. ಬಾಗಿದ ತುದಿಗಳೆಲ್ಲ ಒಂದೇ ಕಡೆ ಬರುವ ಹಾಗೆ. ಹೆಚ್ಚು ಬಾಗಿದ್ದವನ್ನು ಹಿಂದಕ್ಕೆ, ಕಡಿಮೆ ಬಾಗಿದ್ದವನ್ನು ಮುಂದಕ್ಕೆ ಇಟ್ಟಳು. ನಾಲ್ಕು ಸಾಲು ಆದವು. ಬಸ್ಸಿಗೆ ಕಾದ ಜನರ ಹಾಗೆ ಅಷ್ಟೂ ಗಿಡಗಳು ಒಂದೇ ದಿಕ್ಕಿಗೆ ಕತ್ತು ಚಾಚಿದ್ದವು.

"ನೋಡಿ," ಎಂದಳು. "ಈ ಗಿಡಗಳು ಸುಮಾರು ಎರಡು ವಾರ ಒಂದು ಕೋಣೇಲಿದ್ವು. ಮೇಲಿಂದ ಬೆಳಕಿಲ್ಲ, ಒಂದೇ ಪಕ್ಕದಿಂದ ಬೆಳಕು. ಕಿಟಕಿಗೆ ದೂರ ಇದ್ದವು ಜಾಸ್ತಿ ಬಾಗಿವೆ, ಹತ್ತಿರದವು ಕಡಿಮೆ. ಹೆಡತಲೆಗೆ ತಂದವರು ಗಡಿಬಿಡೀಲಿ ಹೇಗೆ ಬಂತೋ ಹಾಗೆ ಇಳಿಸಿದ್ರು. ಅದಕ್ಕೇ ಅಲ್ಲಿ ದಿಕ್ಕಿಗೊಂದು ವಾಲಿದ್ವು. ಬಾಳೆ ಅಲ್ಲೇ ಬೆಳೆದಿದ್ರೆ ನೆಟ್ಟಗೆ ಬೆಳೀತಿತ್ತು."

"ಮಾದು ಎಲ್ಲೋ ಕೋಣೇಲಿ ಇಟ್ಟಿದ್ದಿರಬಹುದು," ಎಂದ ಮಲ್ಲಿಕಾರ್ಜುನ್.

"ಮಾದು ಇಟ್ಟಿದ್ರೆ ತಿರುಗಿಸದೆ ಬಿಡ್ತಿದ್ನಾ? ಆ ಕೈ ಸುಮ್ಮನಿರೋ ಕೈ ಅಲ್ಲ. ಇಟ್ಟೋರು ಗಿಡಕ್ಕೆ ಮನೆ ಕಟ್ಟೋದು ಕಲಿತಿದ್ರು, ಗಿಡ ಬೆಳೆಸೋದು ಕಲಿತಿರಲಿಲ್ಲ. ಬೆಳಿಗ್ಗೆ ನಾನು ಕೇಳಿದಾಗ ಮೂರು ಥರ ಹೇಳಿದ್ರಿ. ನಿಮ್ಮ ಬೋರ್ಡಲ್ಲಿ ನಾಲ್ಕಿದೆ. ಆರೆಂಜರಿ ಯಾಕೆ ಮರೆತುಹೋಯ್ತು?"

ಕಾಫಿ ಲೋಟ ಜಗಲಿಯ ಮೇಲೆ ಕೂತಿತು.

"ನೀವು ನರಸೀಪುರದಲ್ಲಿ ಕಟ್ಟಿದ ಆರೆಂಜರಿ ನೆಲದಲ್ಲಿ ಇಪ್ಪತ್ನಾಲ್ಕು ಕಲೆ ಇದೆ. ಎರಡು ವಾರ ಕೀ ನಿಮ್ಮ ಹತ್ರ ಇತ್ತು. ನಿನ್ನೆ ಮಧ್ಯಾಹ್ನ ಟೆಂಪೋ ತುಂಬಿಸಿದ್ದನ್ನ ಸಿದ್ದಲಿಂಗಮ್ಮ ನೋಡಿದ್ದಾರೆ. ಮಾದು ಇಲ್ಲಿ ಕೆಲಸದಲ್ಲಿದ್ದ, ಮಗಳು ಕಾಲೇಜಲ್ಲಿದ್ದಳು. ಆಗ ಅವನ ಹೊಲಕ್ಕೆ ಇಳಿಸಿದ್ರಿ. ಇನ್ನು ಬೀಗ. ಕಳ್ಳನಾದರೆ ಶೀಟು ಒಡೀತಿದ್ದ. ನೀವು ಮದುವೆ ದಿನ ಇಲ್ಲಿ ಯಾರೂ ಇಲ್ಲದಾಗ ಹಿಂದಿನ ಶೀಟಿನ ಸ್ಕ್ರೂ ಬಿಚ್ಚಿ, ಗಿಡ ತೆಗೆದು, ಮತ್ತೆ ಕೂರಿಸಿದ್ರಿ. ಹಳೇ ವಾಷರ್ ಹಾಕಿದ್ರೆ ಮಳೆ ನೀರು ಸೋರುತ್ತೆ ಅಂತ ಹೊಸದು ಹಾಕಿದ್ರಿ. ಕಳವು ಮಾಡುವಾಗಲೂ ಕೆಲಸ ಅಚ್ಚುಕಟ್ಟು. ಅಲ್ಲೇ ನಾನೂ ಮೊದಲ ದಿನ ಎಡವಿದೆ."

ಚನ್ನಾಜಮ್ಮ ಎದ್ದು ನಿಂತರು. "ಮಲ್ಲಿ, ಇಲ್ಲ ಅನ್ನೋ. ಇಲ್ಲ ಅಂತ ಬಾಯಿ ಬುಟ್ಟು ಏಳೋ."

ಅವನು ಇಲ್ಲ ಎನ್ನಲಿಲ್ಲ. "ಗಿಡ ಸಾಯಿಸಲಿಲ್ಲ ಅತ್ತೆ. ಒಂದೂ ಸಾಯಿಸಲಿಲ್ಲ. ವಾಪಸ್ ಬಂದೇ ಬರ್ತಿತ್ತು ನಿಮಗೆ. ತಾತನ ಕಾಲದ ಜಮೀನು, ಅದರಲ್ಲಿ ಹುಟ್ಟಿದ ತಳಿ. ಅದಕ್ಕೆ ನಮ್ಮ ಹೆಸರಿನ ಪಕ್ಕ ಕೂಲಿಯವನ ಹೆಸರಾ? ಊರಲ್ಲಿ ತಲೆ ಎತ್ತಿ ಓಡಾಡಬೇಕಾದೋನು ನಾನು!"

ಅವನಿಗೆ ಗಿಡ ಬೇಕಿತ್ತು, ಮಾದುವಿನ ಹೆಸರು ಬೇಡವಾಗಿತ್ತು. ಜೈಲಿಗೆ ಹೋದ ಕಳ್ಳನ ಹೆಸರನ್ನು ಯಾವ ಫಾರಮ್ಮಿನಲ್ಲಿ ಬರೆಸುತ್ತಾರೆ? ಲೆಕ್ಕಾಚಾರ ಅಷ್ಟೇ. ಚನ್ನಾಜಮ್ಮ ಅವನ ಕೆನ್ನೆಗೆ ಒಂದು ಬಿಟ್ಟರು. ಶಿವಸ್ವಾಮಿ ತಡೆಯುವ ಆತುರ ತೋರಿಸಲಿಲ್ಲ.

*

ಸೋಮವಾರ ಹನ್ನೊಂದಕ್ಕೆ ತಳಿ ನೋಂದಣಿಯವರು ಬಂದರು. ಎಲೆ ಅಳೆದರು, ಫೋಟೋ ತೆಗೆದರು. ಮೇಲಿನ ಎಲೆ ಬಾಗಿದ್ದಕ್ಕೆ ಚಿಂತೆ ಬೇಡ, ಬಿಸಿಲಿಗೆ ಇಟ್ಟರೆ ಮುಂದಿನ ಎಲೆ ಸರಿಯಾಗಿ ಬರುತ್ತದೆ ಎಂದರು. ಹೇಳಿಕೆಗೆ ಸಹಿ ಹಾಕಿಸಲು ಬಂದಿದ್ದ ಕೋಮಲ ಬೇಲಿಯ ಪಕ್ಕ ನಿಂತಿದ್ದಳು.

"ತಳಿ ಉಳಿಸಿದವರ ಹೆಸರು?" ಅಧಿಕಾರಿ ಪೆನ್ನು ಎತ್ತಿದ.

"ಮೊದ್ಲು ಅವಂದು ಬರ್ಕಳಿ," ಎಂದರು ಚನ್ನಾಜಮ್ಮ. "ಬ್ಯಾಡ ಅಂತಾನೆ, ಬುಡ್ಬ್ಯಾಡಿ."

"ಬ್ಯಾಡ ಅನ್ನಲ್ಲ," ಎಂದ ಮಾದು. "ಬರೀರಿ ಸಾ. ಚಿಕ್ಕಮಾದು, ಎಡತಲೆ." ಪೆನ್ನು ತೆಗೆದುಕೊಂಡು ನಿಧಾನವಾಗಿ, ಅಕ್ಷರ ಅಕ್ಷರವಾಗಿ ಸಹಿ ಹಾಕಿದ. ಆಮೇಲೆ ಚನ್ನಾಜಮ್ಮನ ಕಡೆ ತಿರುಗಿದ.

"ಅರ್ಧ ಗಿಡ ನನ್ ಒಲಕ್ಕೆ ತಗಂಡೋಗ್ತೀನಿ ಅಮ್ಮೋರೆ. ನಾಳಿಂದ ಕೆಲ್ಸಕ್ಕೆ ಬರಕಿಲ್ಲ."

ಚನ್ನಾಜಮ್ಮ ಒಂದು ಹೆಜ್ಜೆ ಮುಂದೆ ಬಂದರು. "ಯಾಕ್ಲಾ ಮಾದು? ಮಲ್ಲಿ ಮಾಡಿದ್ದಕ್ಕೆ ನನ್ ಮ್ಯಾಲೆ ಕ್ವಾಪವಾ?"

"ಮಲ್ಲಣ್ಣ ಅಂಗೇ ಬುಡಿ. ಅವರು ಏನು ಅಂತ ನಂಗೆ ಮೊದ್ಲೇ ಗೊತ್ತಿತ್ತು. ನಿಮ್ದು ಗೊತ್ತಿರ್ನಿಲ್ಲ. ಅನ್ನೊಂದು ವರ್ಸ ಆದ್ಮೇಲೆ, ಎಲ್ಲಾರ ಮುಂದೆ, ನೀನೇನ್ಲಾ ಅಂದ್ರಲ್ಲ."

ಚನ್ನಾಜಮ್ಮ ಫಾರಮ್ಮನ್ನು ತಮ್ಮ ಕಡೆ ಎಳೆದುಕೊಂಡು, ಅವನ ಸಹಿಯ ಕೆಳಗೆ ತಮ್ಮದನ್ನು ಹಾಕಿದರು. 

ಧನುಶ್ರೀ ಗೂಡ್ಸ್ ಆಟೋ ತಂದಳು. ಮಾದು ಚೀಲಗಳನ್ನು ಒಂದೊಂದಾಗಿ ಎತ್ತಿ ಇಟ್ಟ. ಕೋಮಲಳಿಗೆ ಕೈ ಕೊಡಬೇಕೆನಿಸಿತು. ಆದರೆ ಇದು ಪೊಲೀಸರು ಮಧ್ಯೆ ಬರುವ ಕೆಲಸವಲ್ಲ ಎಂದು ಅಲ್ಲೇ ಉಳಿದಳು. ಹನ್ನೆರಡನೇ ಚೀಲಕ್ಕೆ ಅವನು ಬಗ್ಗಿದಾಗ ಚನ್ನಾಜಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಇನ್ನೊಂದು ಪಕ್ಕ ಹಿಡಿದರು. ಬಿಡಿ ಅಮ್ಮೋರೆ, ಕೈ ಮಣ್ಣಾಗ್ತದೆ ಎಂದು ಅವನು ಎಂದಿನಂತೆ ಹೇಳಲಿಲ್ಲ. ಇಬ್ಬರೂ ಸೇರಿ ಚೀಲವನ್ನು ಆಟೋಗೆ ಏರಿಸಿದರು.